ಮುನ್ನೂರು ಮಾರ್ಕು, ಹನ್ನೆರಡು ಸಾವಿರ ರೂಪಾಯಿ

ಹೋದ ತಿಂಗಳು ನಮ್ಮ ಪಿಜಿಗೆ ಹೊಸದಾಗಿ ಬಂದ ಹುಡುಗಿ, ರಾತ್ರಿ ನಿದ್ದೆ ಬರಲಿ ಅಂತ ಮೊಬೈಲ್‌ನಲ್ಲಿ ಏನೋ ಹಾಕಿಕೊಂಡು ಮಲಗಿದಳು. ಎರಡು ಸೆಕೆಂಡ್ ಆಗಿರಬೇಕು, ನಾನು ಎದ್ದು ಕೂತೆ. ಅದು ನನ್ನ ಟ್ಯೂನ್. ನನ್ನ ಪಿಟೀಲು, ನನ್ನ ಕೈ. ಮೂರನೇ ತಂತಿಯ ಮೇಲೆ ಬೆರಳು ಜಾರಿದಾಗ ಬರೋ ಆ ಸಣ್ಣ 'ಕಿರ್' ಸದ್ದು ಕೂಡ ನನ್ನದೇ.

"ಇದು ಯಾರದ್ದು ಗೊತ್ತಾ?" ಅಂತ ಕೇಳಿದೆ.

ಅವಳು ನಿದ್ದೆಗಣ್ಣಲ್ಲಿ ಸ್ಕ್ರೀನ್ ನೋಡಿ, "ಭಾಗಿ ರಾಠಿ ಅಂತಿದೆ. ಯಾರೋ ಮಾರ್ವಾಡಿ ಇರಬೇಕು" ಅಂದಳು.

ನನ್ನ ಹೆಸರು ಭಾಗೀರಥಿ. ಅಜ್ಜಿಯ ಹೆಸರು. ಸಾಗರದ ಹತ್ತಿರದ ಒಂದು ಹಳ್ಳಿಯ ಅಡಿಕೆ ತೋಟದ ಮನೆಯವಳು. ನಾಲ್ಕು ವರ್ಷದ ಹಿಂದೆ ಒಂದು ಆ್ಯಪ್ ಕಂಪನಿಯವರು (ಹೆಸರು ಬೇಡ ಬಿಡಿ) ನನ್ನಿಂದ ಆರು ಟ್ಯೂನ್ ತಗೊಂಡಿದ್ದರು. ಆರಕ್ಕೂ ಸೇರಿ ಹನ್ನೆರಡು ಸಾವಿರ ರೂಪಾಯಿ. ಹಕ್ಕು ಪೂರ್ತಿ ಅವರದು, ಶಾಶ್ವತವಾಗಿ, ಇಡೀ ಜಗತ್ತಿನಲ್ಲಿ. ಒಪ್ಪಂದದಲ್ಲಿ 'ಬ್ರಹ್ಮಾಂಡ' ಅಂತಲೂ ಇತ್ತು, ಸುಳ್ಳಲ್ಲ. ನಾನು ಆಗ ಟೆಸ್ಟಿಂಗ್ ಕೆಲಸದಲ್ಲಿ ಹೊಸಬಳು, ಮನೆಯಿಂದಲೇ ಕೆಲಸ. ಯಾರೋ ನನ್ನ ಪಿಟೀಲಿಗೆ ದುಡ್ಡು ಕೊಡ್ತಾರೆ ಅನ್ನೋದೇ ಆಶ್ಚರ್ಯ. ಓದದೇ ಸಹಿ ಹಾಕಿದೆ. ಹೆಸರನ್ನು ಅವರ ಫಾರ್ಮಿನಲ್ಲಿ ಎರಡು ಡಬ್ಬಿಯಲ್ಲಿ ತುಂಬಬೇಕಿತ್ತು. ಯಾವ ಪುಣ್ಯಾತ್ಮ ಹೇಗೆ ಒಡೆದನೋ, ಭಾಗೀರಥಿ ಹೋಗಿ ಭಾಗಿ ರಾಠಿ ಆದೆ.

ಆ ಆರರಲ್ಲಿ ಒಂದು ಟ್ಯೂನ್ ಮಾತ್ರ ಓಡಿತು. ಅಡಿಕೆ ಸುಲಿಯೋ ರಾತ್ರಿಗಳದ್ದು ಅದು. ಮೆಟ್ಟುಗತ್ತಿಯ ಟಕ್, ಟಕ್ ಸದ್ದಿನ ಮಧ್ಯೆ ಅಜ್ಜಿ ಬಾಯಿ ಮುಚ್ಚಿಕೊಂಡೇ ಗುನುಗುತ್ತಿದ್ದ ಒಂದು ಎಳೆ. ಪದ ಇರಲಿಲ್ಲ, ರಾಗ ಅಂತಲೂ ಹೇಳೋಕಾಗಲ್ಲ. ಕೊನೆಗೆ ಅಜ್ಜಿ ಸುಮ್ಮನಾದ ಮೇಲೂ ಮೆಟ್ಟುಗತ್ತಿ ಸ್ವಲ್ಪ ಹೊತ್ತು ನಡೀತಾ ಇರುತ್ತಿತ್ತು. ಅದನ್ನು ನಾನು ತಂತಿ ಮೀಟಿ, ಕೊನೆಯ ಹನ್ನೆರಡು ಸೆಕೆಂಡ್ ಬರೀ ಆ ಟಕ್ ಟಕ್ ಉಳಿಯೋ ಹಾಗೆ ಮಾಡಿದ್ದೆ. ಪಿಜಿ ಹುಡುಗಿಯ ಮೊಬೈಲ್‌ನಲ್ಲಿ ಆ ಹನ್ನೆರಡು ಸೆಕೆಂಡ್ ಇರಲಿಲ್ಲ. ಕತ್ತರಿಸಿ, ಮತ್ತೆ ಮೊದಲಿಂದ ಶುರುವಾಗೋ ಹಾಗೆ ಅಂಟಿಸಿದ್ದರು.

ಇದೇ ಹೊತ್ತಿಗೆ ಆ ಕಂಪನಿಯಿಂದ ಎರಡನೇ ಒಪ್ಪಂದದ ಮೇಲ್ ಬಂದಿತ್ತು. ಈ ಸಲ ಓದಬೇಕು ಅಂದುಕೊಂಡೆ. ಆದರೆ ಅದನ್ನು ಬಿಟ್ಟು ನಾನು ಓದಿದ್ದು ಆಂಟೋನಿನ್ ದ್ವೋರ್ಝಾಕ್‌ನ ಕಥೆ.

ಇದಕ್ಕೂ ಕಾರಣ ಇದೆ. ಪ್ರತಿ ಭಾನುವಾರ ನಾವು ಏಳೆಂಟು ಜನ ಸೇರಿ ಪಾಶ್ಚಾತ್ಯ ಸಂಗೀತ ನುಡಿಸೋ ಅಭ್ಯಾಸ ಮಾಡ್ತೀವಿ. ಎಲ್ಲ ಹವ್ಯಾಸಿಗಳೇ. ನಾನು ಚಿಕ್ಕವಳಿದ್ದಾಗ ಕಲಿತದ್ದು ಕರ್ನಾಟಕ ಸಂಗೀತ, ನೆಲದ ಮೇಲೆ ಕೂತು. ಈಗ ಕುರ್ಚಿಯ ಮೇಲೆ ಕೂತು, ಎದುರಿಗೆ ಹಾಳೆ ಇಟ್ಟುಕೊಂಡು ನುಡಿಸೋದು ಇನ್ನೂ ಪೂರ್ತಿ ಒಗ್ಗಿಲ್ಲ. ಆ ಹಾಳೆಯ ಮೇಲೆ ಕೃತಿಕಾರನ ಹೆಸರಿನ ಜೊತೆ ಪ್ರಕಾಶಕನ ಹೆಸರೂ ಇರುತ್ತೆ: 'ಎನ್. ಸಿಮ್ರಾಕ್, ಬರ್ಲಿನ್'. ಎಷ್ಟೋ ಭಾನುವಾರ ನೋಡಿದ್ದೆ. ಯಾರು ಇವನು ಅಂತ ಈಗ ಕುತೂಹಲ ಹುಟ್ಟಿತು.

ದ್ವೋರ್ಝಾಕ್ ಹುಟ್ಟಿದ್ದು 1841ರಲ್ಲಿ, ಪ್ರಾಗ್ ನಗರದ ಹತ್ತಿರದ ನೆಲಾಹೊಜೆವೆಸ್ ಅನ್ನೋ ಹಳ್ಳಿಯಲ್ಲಿ. ಅಪ್ಪ ಕಸಾಯಿ ಕೆಲಸದವನು, ಜೊತೆಗೆ ಊರಿನ ಛತ್ರದಂಥ ಹೋಟೆಲ್ ನಡೆಸುತ್ತಿದ್ದ. ಆಗ ಅದೆಲ್ಲ ಆಸ್ಟ್ರಿಯಾ ಸಾಮ್ರಾಜ್ಯ. ಕಚೇರಿ, ದೊಡ್ಡ ಜನರ ಮಾತು ಎಲ್ಲ ಜರ್ಮನ್. ಮನೆಯ ಮಾತು ಚೆಕ್. ಇವನು ಪ್ರಾಗ್‌ನ ನಾಟಕಶಾಲೆಯ ಆರ್ಕೆಸ್ಟ್ರಾದಲ್ಲಿ ವಿಯೋಲಾ ನುಡಿಸಿ, ಮನೆಪಾಠ ಹೇಳಿ, ಚರ್ಚಿನಲ್ಲಿ ಆರ್ಗನ್ ನುಡಿಸಿ ಬದುಕಿದವನು. ಮೂವತ್ತು ದಾಟಿದರೂ ಪ್ರಾಗ್‌ನ ಹೊರಗೆ ಹೆಸರು ಗೊತ್ತಿದ್ದವರು ಕಡಿಮೆ. 1875ರಿಂದ 1877ರ ನಡುವೆ ಮೂರು ಪುಟ್ಟ ಮಕ್ಕಳು ತೀರಿಹೋದವು. ಒಂದು ಹುಟ್ಟಿದ ಕೆಲವೇ ದಿನಕ್ಕೆ, ಇನ್ನೊಂದು ರಂಜಕ ಕುಡಿದು, ಮತ್ತೊಂದು ಸಿಡುಬಿನಿಂದ. ಇದನ್ನು ಓದಿದಾಗ ಪುಟ ತಿರುಗಿಸೋಕೆ ಸ್ವಲ್ಪ ಹೊತ್ತು ಬೇಕಾಯಿತು.

ಆಸ್ಟ್ರಿಯಾ ಸರ್ಕಾರ ಬಡ ಕಲಾವಿದರಿಗೆ ಒಂದು ಸಹಾಯಧನ ಕೊಡುತ್ತಿತ್ತು. ದ್ವೋರ್ಝಾಕ್ ಅರ್ಜಿ ಹಾಕುತ್ತಿದ್ದ, ಸಿಗುತ್ತಿತ್ತು. ಆಯ್ಕೆ ಸಮಿತಿಯಲ್ಲಿ ಬ್ರಾಮ್ಸ್ ಇದ್ದ. ಅಷ್ಟೊತ್ತಿಗಾಗಲೇ ಯುರೋಪಿನ ದೊಡ್ಡ ಹೆಸರು. ಮೊರೇವಿಯಾದ ಜನಪದ ಪದಗಳಿಗೆ ದ್ವೋರ್ಝಾಕ್ ಕಟ್ಟಿದ್ದ ಯುಗಳ ಗೀತೆಗಳು ಅವನ ಕಣ್ಣಿಗೆ ಬಿದ್ದವು. ಬ್ರಾಮ್ಸ್ 1877ರ ಡಿಸೆಂಬರಿನಲ್ಲಿ ತನ್ನ ಪ್ರಕಾಶಕ ಫ್ರಿಟ್ಜ್ ಸಿಮ್ರಾಕ್‌ಗೆ ಒಂದು ಕಾಗದ ಬರೆದ. ಈ ಮನುಷ್ಯನಲ್ಲಿ ಪ್ರತಿಭೆ ಇದೆ, ಬಡವ ಕೂಡ, ದಯವಿಟ್ಟು ಗಮನಿಸಿ ಅನ್ನೋ ಅರ್ಥದ್ದು. ಇವತ್ತಿನ ಭಾಷೆಯಲ್ಲಿ ಹೇಳಬೇಕಂದ್ರೆ, ರೆಫರಲ್.

ಸಿಮ್ರಾಕ್ ಸಾಮಾನ್ಯ ಮನೆತನ ಅಲ್ಲ. ಅದನ್ನು 1793ರಲ್ಲಿ ಬಾನ್ ಊರಿನಲ್ಲಿ ಶುರು ಮಾಡಿದ ನಿಕೊಲಾಸ್ ಸಿಮ್ರಾಕ್ ಸ್ವತಃ ಹಾರ್ನ್ ವಾದಕ. ಹುಡುಗ ಬೀಥೋವನ್ ವಿಯೋಲಾ ನುಡಿಸುತ್ತಿದ್ದ ಅದೇ ಆಸ್ಥಾನದ ಆರ್ಕೆಸ್ಟ್ರಾದವನು. ಫ್ರಿಟ್ಜ್‌ನ ಕಾಲಕ್ಕೆ ಕಂಪನಿ ಬರ್ಲಿನ್‌ಗೆ ಬಂದಿತ್ತು.

ಫ್ರಿಟ್ಜ್ ಆ ಯುಗಳ ಗೀತೆಗಳನ್ನು ಅಚ್ಚು ಹಾಕಿದ. ದುಡ್ಡು ಕೊಡಲಿಲ್ಲ. ಬದಲಿಗೆ ಇನ್ನೊಂದು ಕೆಲಸ ಕೊಟ್ಟ: ಬ್ರಾಮ್ಸ್‌ನ ಹಂಗೇರಿಯನ್ ನೃತ್ಯಗಳು ಸಿಕ್ಕಾಪಟ್ಟೆ ಮಾರಾಟ ಆಗಿವೆ, ಅದೇ ಥರ ನಿಮ್ಮ ಕಡೆಯ ನೃತ್ಯಗಳನ್ನು ಬರೆದುಕೊಡಿ. ಒಂದೇ ಪಿಯಾನೋ ಮುಂದೆ ಇಬ್ಬರು ಕೂತು ನುಡಿಸೋ ಹಾಗಿರಲಿ.

ಇಲ್ಲಿ ಒಂದು ವಿಷಯ ಹೇಳಬೇಕು. ಆಗ ರೆಕಾರ್ಡ್ ಇಲ್ಲ, ರೇಡಿಯೋ ಇಲ್ಲ. ಮನೆಯಲ್ಲಿ ಸಂಗೀತ ಕೇಳಬೇಕಂದ್ರೆ ನೀವೇ ನುಡಿಸಬೇಕು. ಅಕ್ಕ-ತಂಗಿ, ಗಂಡ-ಹೆಂಡತಿ ಸಂಜೆ ಪಿಯಾನೋ ಮುಂದೆ ಅಕ್ಕಪಕ್ಕ ಕೂತು ನಾಲ್ಕು ಕೈಯಲ್ಲಿ ನುಡಿಸುತ್ತಿದ್ದರು. ಅವರಿಗೆ ಬೇಕಾದ್ದು ಹೆಚ್ಚು ಕಷ್ಟ ಇಲ್ಲದ, ಐದು ನಿಮಿಷದಲ್ಲಿ ಮುಗಿಯೋ, ಕೇಳೋಕೆ ಚೆಂದ ಇರೋ ಹಾಳೆ. ನಮ್ಮ ಕಾಲದ ಪ್ಲೇಲಿಸ್ಟ್ ಅಂದರೆ ಅದೇ. ಪ್ರಕಾಶಕನಿಗೆ ದುಡ್ಡು ಹುಟ್ಟುತ್ತಿದ್ದದ್ದು ಅಲ್ಲಿ, ಸಿಂಫನಿಯಲ್ಲಲ್ಲ. ಸಿಂಫನಿ ಅಚ್ಚು ಹಾಕೋಕೆ ತಗಡಿನ ಮೇಲೆ ಒಂದೊಂದೇ ಸ್ವರ ಕೊರೆಯಬೇಕು, ಒಂದೊಂದು ವಾದ್ಯಕ್ಕೂ ಬೇರೆ ಹಾಳೆ. ಕೊಳ್ಳೋರು ಊರಿಗೊಂದು ಆರ್ಕೆಸ್ಟ್ರಾ.

ದ್ವೋರ್ಝಾಕ್ 1878ರಲ್ಲಿ ಎಂಟು 'ಸ್ಲಾವೋನಿಕ್ ನೃತ್ಯ'ಗಳನ್ನು ಬರೆದುಕೊಟ್ಟ. ಆರ್ಕೆಸ್ಟ್ರಾಕ್ಕೂ ಹೊಂದಿಸಿದ. ಸಿಕ್ಕಿದ್ದು 300 ಮಾರ್ಕ್. ಒಂದೇ ಸಲ, ಪೂರ್ತಿ ಹಕ್ಕು ಮಾರಾಟ. ಮತ್ತೆ ಎಷ್ಟು ಮಾರಾಟವಾದರೂ ಇವನಿಗೆ ಬಿಡಿಗಾಸಿಲ್ಲ.

ಆ ವರ್ಷದ ಕೊನೆಗೆ ಲೂಯಿಸ್ ಏಲರ್ಟ್ ಅನ್ನೋ ವಿಮರ್ಶಕ ಬರ್ಲಿನ್ ಪತ್ರಿಕೆಯೊಂದರಲ್ಲಿ ಈ ನೃತ್ಯಗಳನ್ನು ಬಾಯ್ತುಂಬ ಹೊಗಳಿದ. ಅಂಗಡಿಗಳಿಗೆ ಜನ ನುಗ್ಗಿದರು. ಈಗಿನವರು ವೈರಲ್ ಅಂತಾರಲ್ಲ, ಅದೇ. ಸಿಮ್ರಾಕ್ ಶ್ರೀಮಂತನಾದ. ಅಲ್ಲ, ಮೊದಲೇ ಶ್ರೀಮಂತ, ಇನ್ನಷ್ಟು ಆದ. ದ್ವೋರ್ಝಾಕ್‌ಗೆ ಹೆಸರು ಬಂತು.

ಮುನ್ನೂರು ಮಾರ್ಕ್ ಓದಿದ ಕೂಡಲೇ ನನಗೆ ನನ್ನ ಹನ್ನೆರಡು ಸಾವಿರ ನೆನಪಾಯಿತು. ನನ್ನನ್ನ ದ್ವೋರ್ಝಾಕ್ ಜೊತೆ ಹೋಲಿಸಿಕೊಳ್ತಿದೀನಿ ಅಂದುಕೋಬೇಡಿ, ಅಷ್ಟು ತಲೆ ತಿರುಗಿಲ್ಲ. ಹೋಲಿಕೆ ಇರೋದು ಒಪ್ಪಂದದಲ್ಲಿ ಮಾತ್ರ.

ಅಪ್ಪನಿಗೆ ಫೋನ್ ಮಾಡಿ ಈ ಕಥೆ ಹೇಳಿದೆ. ಅಪ್ಪ ಪಾಶ್ಚಾತ್ಯ ಸಂಗೀತ ಕೇಳಿದವರಲ್ಲ, ಆದರೆ ಕಥೆ ತಕ್ಷಣ ಅರ್ಥವಾಯಿತು. "ಮಂಡಿ ಲೆಕ್ಕ ಅದು" ಅಂದರು. ಅಡಿಕೆ ಬೆಳೆಗಾರರ ಮನೆಯವರಿಗೆ ಇದು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದಲ್ಲಿ ಕೈ ಖಾಲಿ ಇದ್ದಾಗ ಮಂಡಿಯವರು ಮುಂಗಡ ಕೊಡ್ತಾರೆ. ಕೊಯ್ಲಾದ ಮೇಲೆ ಅಡಿಕೆ ಅವರಿಗೇ ಹಾಕಬೇಕು. ಪಕ್ಕದ ಮಂಡಿಯಲ್ಲಿ ರೇಟು ಜಾಸ್ತಿ ಇದ್ದರೂ ಅಷ್ಟೇ. "ಹಂಗಂತ ಮಂಡಿಯವನು ಕೆಟ್ಟವನಲ್ಲ ಮಾರಾಯ್ತಿ. ನಿನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದು ಅವನ ಮುಂಗಡದಲ್ಲೇ" ಅಂದರು.

ಅಪ್ಪ ಹೇಳಿದ ಮುಂಗಡದ ಕಟ್ಟು ದ್ವೋರ್ಝಾಕ್‌ಗೂ ಇತ್ತು. ಹೊಸದಾಗಿ ಏನೇ ಬರೆದರೂ ಮೊದಲು ಸಿಮ್ರಾಕ್‌ಗೇ ತೋರಿಸಬೇಕು ಅಂತ ಒಪ್ಪಿದ್ದ. ಅಷ್ಟರಲ್ಲಿ ಬೇರೆ ಪ್ರಕಾಶಕರೂ ಬಾಗಿಲು ತಟ್ಟೋಕೆ ಶುರು ಮಾಡಿದ್ದರು. ಆಗ ಇವನು ಮಾಡಿದ ಉಪಾಯ ಓದಿ ನನಗೆ ನಗು ತಡೆಯೋಕಾಗಲಿಲ್ಲ. ಕೃತಿಗಳಿಗೆ ಓಪಸ್ ಅಂತ ಕ್ರಮಸಂಖ್ಯೆ ಇರುತ್ತಲ್ಲ, ಹೊಸ ಕೃತಿಗೆ ಹಳೇ ನಂಬರ್ ಹಾಕಿಬಿಡೋದು! 'ಇದು ಹೊಸದಲ್ಲ ಸ್ವಾಮಿ, ಹಿಂದೆ ಯಾವತ್ತೋ ಬರೆದದ್ದು' ಅನ್ನೋ ಹಾಗೆ. 52 ಆಗಬೇಕಿದ್ದ 'ಚೆಕ್ ಸೂಟ್' 39 ಅನ್ನೋ ನಂಬರ್ ಹೊತ್ತು ಶ್ಲೆಸಿಂಗರ್ ಅನ್ನೋ ಇನ್ನೊಬ್ಬ ಪ್ರಕಾಶಕನ ಕೈ ಸೇರಿತು.

ಸಿಮ್ರಾಕ್ ಏನು ಕಡಿಮೆಯವನಾ? ಅವನು ಉಲ್ಟಾ ಆಟ ಆಡಿದ. 1875ರಲ್ಲಿ ಬರೆದ ಒಂದು ಸಿಂಫನಿ, ನಂಬರ್ 24, ಹದಿಮೂರು ವರ್ಷ ಕಳೆದು ಅಚ್ಚಾಗುವಾಗ 76 ಆಯಿತು. ಹಳೇದಕ್ಕೆ ಹೊಸ ನಂಬರ್. ಜನ ಹೊಸ ಮಾಲು ಅಂತ ಕೊಳ್ಳಲಿ ಅಂತ. ಇಬ್ಬರೂ ಸೇರಿ ಮಾಡಿದ ಈ ಗೊಂದಲದಿಂದ ಸಂಗೀತದ ಚರಿತ್ರೆಕಾರರು ತಲೆ ಕೆರೆದುಕೊಂಡಿದ್ದಾರೆ. ಬಹಳ ಪ್ರಸಿದ್ಧವಾದ 'ನ್ಯೂ ವರ್ಲ್ಡ್' ಸಿಂಫನಿ ಅವನ ಒಂಬತ್ತನೆಯದು, ಆದರೆ ಅಚ್ಚಾದದ್ದು ಐದನೆಯದು ಅಂತ. ಯಾಕಂದ್ರೆ ಅವನು ಬದುಕಿದ್ದಾಗ ಅಚ್ಚಾಗಿದ್ದೇ ಐದು.

ಹೆಸರಿನ ಜಗಳಕ್ಕೆ ಬರ್ತೀನಿ. ನನ್ನನ್ನ ಹಿಡಿದು ಕೂರಿಸಿದ್ದು ಇದೇ.

1885. ಸಿಮ್ರಾಕ್ ಅವನ ಹೆಸರನ್ನು 'ಆಂಟೋನ್' ಅಂತ ಜರ್ಮನ್ ರೀತಿಯಲ್ಲೇ ಅಚ್ಚು ಹಾಕುತ್ತಿದ್ದ. ಶೀರ್ಷಿಕೆಗಳೂ ಜರ್ಮನ್. ದ್ವೋರ್ಝಾಕ್ ಕೇಳಿದ್ದು ದೊಡ್ಡದೇನಲ್ಲ: ಹೆಸರು 'ಆಂಟೋನಿನ್' ಅಂತ ಇರಲಿ, ಇಲ್ಲವೇ ಎರಡಕ್ಕೂ ಸಲ್ಲೋ ಹಾಗೆ 'ಆಂಟ್.' ಅಂತ ಚುಟುಕಾಗಿ ಹಾಕಿ. ಶೀರ್ಷಿಕೆ ಚೆಕ್ ಭಾಷೆಯಲ್ಲೂ ಇರಲಿ. ಸಿಮ್ರಾಕ್‌ಗೆ ಇದೆಲ್ಲ ಕಿರಿಕಿರಿ. ಬರ್ಲಿನ್‌ನಲ್ಲಿ, ಲಂಡನ್‌ನಲ್ಲಿ ಹಾಳೆ ಕೊಳ್ಳೋರಿಗೆ ಚೆಕ್ ಯಾಕೆ ಬೇಕು? ಕಾಗದದಲ್ಲಿ ಚೆಕ್ ಜನರ ಬಗ್ಗೆ ಹಗುರವಾಗಿಯೂ ಬರೆದ. ದ್ವೋರ್ಝಾಕ್ ಕೊಟ್ಟ ಉತ್ತರದಲ್ಲಿ ಕೂಗಾಟ ಇಲ್ಲ. ಕಲಾವಿದನಿಗೂ ಒಂದು ನಾಡು ಇರುತ್ತೆ, ಅದರ ಮೇಲೆ ನಂಬಿಕೆ, ಪ್ರೀತಿ ಇರಲೇಬೇಕು ಅನ್ನೋ ಅರ್ಥದ ಮಾತು.

ಎರಡು ಅಕ್ಷರದ ಜಗಳ ಅದು. 'ನಿನ್' ಇರಬೇಕಾ ಬೇಡವಾ ಅಂತ. ನಾಲ್ಕು ವರ್ಷದಿಂದ ಭಾಗಿ ರಾಠಿ ಆಗಿ ಕೂತಿದ್ದ ನಾನು ಒಂದು ಮೇಲ್ ಕೂಡ ಹಾಕಿರಲಿಲ್ಲ. 'ಹೆಸರಲ್ಲೇನಿದೆ, ದುಡ್ಡು ಬಂತಲ್ಲ' ಅಂತ ಸುಮ್ಮನಿದ್ದೆ. ದುಡ್ಡೂ ಅಷ್ಟಕ್ಕಷ್ಟೇ ಬಂದಿತ್ತು ಅನ್ನೋದು ಬೇರೆ ಮಾತು.

ಅದೇ ವರ್ಷ ದುಡ್ಡಿನ ಜಗಳವೂ ಆಯಿತು. ಲಂಡನ್ನಿನಲ್ಲಿ ಮೊದಲು ನುಡಿಸಿದ ಡಿ ಮೈನರ್ ಸಿಂಫನಿಗೆ ಸಿಮ್ರಾಕ್ 3,000 ಮಾರ್ಕ್ ಅಂದ. ದ್ವೋರ್ಝಾಕ್ 6,000 ಕೇಳಿದ. ಸಿಂಫನಿ ಮಾರಾಟ ಆಗಲ್ಲ ಅಂತ ಸಿಮ್ರಾಕ್. ಇಂಥ ದೊಡ್ಡ ಕೆಲಸಕ್ಕೆ ಅಷ್ಟು ಕಡಿಮೆ ತಗೊಂಡರೆ ನನ್ನ ಬೆಲೆಯೇ ಇಳಿಯುತ್ತೆ ಅಂತ ದ್ವೋರ್ಝಾಕ್. ಅಷ್ಟೊತ್ತಿಗೆ ಅವನು ವಿಸೋಕಾ ಅನ್ನೋ ಹಳ್ಳಿಯಲ್ಲಿ ಒಂದು ಮನೆ ಮಾಡಿಕೊಂಡಿದ್ದ. ತೋಟ, ಪಾರಿವಾಳ ಅಂದರೆ ಪ್ರಾಣ. ಮುಂಗಡ ಕೇಳಿ ಬರೆದ ಕಾಗದದಲ್ಲಿ ತೋಟದ ಖರ್ಚು, ಆಲೂಗಡ್ಡೆ ಬೆಳೆ ಸರಿಯಾಗಿಲ್ಲ ಅನ್ನೋದೂ ಬರುತ್ತೆ. ಅದನ್ನು ಅಪ್ಪನಿಗೆ ಹೇಳಿದಾಗ ಬಹಳ ಹೊತ್ತು ನಕ್ಕರು. ಕೊನೆಗೆ ಸಿಮ್ರಾಕ್ 6,000 ಕೊಟ್ಟ. ಆದರೆ ಹೊಸ ಸ್ಲಾವೋನಿಕ್ ನೃತ್ಯಗಳು ಬೇಕು ಅಂತ ಹಟ ಹಿಡಿದು ಬರೆಸಿಕೊಂಡ. ಎರಡನೇ ಕಟ್ಟಿನ ಎಂಟು ನೃತ್ಯಕ್ಕೆ ದ್ವೋರ್ಝಾಕ್ ಪಡೆದದ್ದು 3,000. ಮೊದಲ ಸಲದ ಹತ್ತು ಪಟ್ಟು. ಈ ಭಾಗ ಓದಿ ನಾನು ಚಪ್ಪಾಳೆ ತಟ್ಟಿದ್ದು ನಿಜ.

ಆದರೆ ಸಿಮ್ರಾಕ್ ಚಾಳಿ ಬಿಡಲಿಲ್ಲ. ಮುಂದಿನ ಸಿಂಫನಿ, ಜಿ ಮೇಜರ್‌ದು, ಅದಕ್ಕೆ 1,000 ಮಾರ್ಕ್ ಅಂದ. ಸಣ್ಣ ಸಣ್ಣದು ಬರೀರಿ, ದೊಡ್ಡದು ಬೇಡ. ದ್ವೋರ್ಝಾಕ್‌ಗೆ ತಲೆಯಲ್ಲಿ ಬರ್ತಿದ್ದದ್ದೇ ದೊಡ್ಡದು, ದೇವರು ಕೊಟ್ಟದ್ದನ್ನು ತಾನೇ ಬರೆಯೋಕಾಗೋದು? ಆ ಸಿಂಫನಿಯನ್ನು ಲಂಡನ್ನಿನ ನೊವೆಲ್ಲೊ ಕಂಪನಿಗೆ ಕೊಟ್ಟುಬಿಟ್ಟ. ಸಿಮ್ರಾಕ್ ಜೊತೆ ಮಾತು ಬಿಟ್ಟಂತಾಯಿತು.

ನನಗೆ ಬಂದ ಮೇಲ್‌ನಲ್ಲೂ ಇದೇ ಇತ್ತು. ಈ ನಾಲ್ಕು ವರ್ಷದಲ್ಲಿ ನಾನು ಹದಿನೆಂಟು ನಿಮಿಷದ ಒಂದು ಕೃತಿ ಬರೆದಿದ್ದೇನೆ. ಎರಡು ಪಿಟೀಲು, ಒಂದು ವಿಯೋಲಾ, ಒಂದು ಚೆಲ್ಲೊಗೆ. ಅಜ್ಜಿ ತೀರಿಕೊಂಡ ಮೇಲೆ ಬರೆದದ್ದು. ಅದರ ಮಾದರಿ ಕಳಿಸಿದ್ದಕ್ಕೆ ಕಂಪನಿಯವರು, ತುಂಬಾ ಚೆನ್ನಾಗಿದೆ, ಇದರಲ್ಲಿ ನಾಲ್ಕು 'ಮೂಡ್' ಇದೆ, ಮೂರು ಮೂರು ನಿಮಿಷದ ತುಂಡು ಮಾಡಿ ಕೊಡಿ ಅಂದರು. ಇದು ಬಿಟ್ಟು 'ಆ ಅಡಿಕೆ ಟ್ಯೂನ್ ಥರದ್ದೇ' ಇನ್ನೂ ಹದಿನಾರು. ಒಟ್ಟು ಎಂಬತ್ತು ಸಾವಿರ. ಎಂಬತ್ತು ಸಾವಿರ ನನಗೆ ಸಣ್ಣ ಮೊತ್ತ ಅಲ್ಲ. ಮನೆಯ ಚಾವಣಿ ರಿಪೇರಿ ಬಾಕಿ ಇದೆ. ಈ ವರ್ಷ ಕೊಳೆರೋಗದಲ್ಲಿ ಅರ್ಧ ಬೆಳೆ ಉದುರಿಹೋಗಿದೆ.

1892ರಲ್ಲಿ ದ್ವೋರ್ಝಾಕ್ ನ್ಯೂಯಾರ್ಕ್‌ಗೆ ಹೋದ. ಜೆನೆಟ್ ಥರ್ಬರ್ ಅನ್ನೋ ಸಿರಿವಂತೆ ನಡೆಸುತ್ತಿದ್ದ ನ್ಯಾಷನಲ್ ಕನ್ಸರ್ವೇಟರಿಯ ನಿರ್ದೇಶಕನಾಗಿ. ವರ್ಷಕ್ಕೆ 15,000 ಡಾಲರ್ ಸಂಬಳ. (ಮುಂದೆ ಆರ್ಥಿಕ ಕುಸಿತ ಬಂದು ಸಂಬಳವೂ ತಡವಾಗತೊಡಗಿತು. ಆಗಲೂ ಹಂಗೇ.) 'ನ್ಯೂ ವರ್ಲ್ಡ್' ಸಿಂಫನಿ ಕಾರ್ನೆಗಿ ಹಾಲ್‌ನಲ್ಲಿ 1893ರ ಡಿಸೆಂಬರ್ 16ರಂದು ಮೊದಲು ಮೊಳಗಿತು. ಅದೇ ವರ್ಷ ಸಿಮ್ರಾಕ್ ಜೊತೆ ರಾಜಿಯಾಗಿತ್ತು, ಕಟ್ಟಿಟ್ಟಿದ್ದ ಕೃತಿಗಳೆಲ್ಲ ಬರ್ಲಿನ್‌ಗೆ ಹೋದವು. ಆದರೆ ಅಚ್ಚಿನ ಕರಡು ತಿದ್ದೋರು ಯಾರು? ಹಡಗಿನಲ್ಲಿ ನ್ಯೂಯಾರ್ಕ್‌ಗೆ ಕಳಿಸಿ, ವಾಪಸ್ ತರಿಸೋಕೆ ವಾರಗಟ್ಟಲೆ ಬೇಕು. ತಿದ್ದಿದ್ದು ಬ್ರಾಮ್ಸ್! ಅರವತ್ತು ವರ್ಷದ, ಜಗತ್ಪ್ರಸಿದ್ಧ ಬ್ರಾಮ್ಸ್, ಇನ್ನೊಬ್ಬನ ಕೃತಿಯ ಸ್ವರ, ಚುಕ್ಕೆ, ಗೆರೆ ತಿದ್ದುತ್ತ ಕೂತ. ದ್ವೋರ್ಝಾಕ್‌ಗೆ ನಂಬೋಕಾಗಲಿಲ್ಲ. ಇಂಥ ಬೇಸರದ ಕೆಲಸವನ್ನು ಇನ್ಯಾವ ದೊಡ್ಡ ಸಂಗೀತಗಾರ ಮಾಡ್ತಾನೆ ಅಂತ ಸಿಮ್ರಾಕ್‌ಗೇ ಬರೆದ. ಹದಿನಾರು ವರ್ಷದ ಹಿಂದೆ ಕೊಟ್ಟ ರೆಫರಲ್‌ಗೆ ಇಷ್ಟು ದಿನ ಜೊತೆ ನಿಂತವರನ್ನು ನಾನಂತೂ ನೋಡಿಲ್ಲ.

ಕೊನೆಯದಾಗಿ ಚೆಲ್ಲೊ ಕನ್ಚರ್ಟೊ. ಭಾನುವಾರದ ನಮ್ಮ ಗುಂಪಿನ ಚೆಲ್ಲೊದವನು ಅದರ ಹೆಸರು ಹೇಳುವಾಗ ಧ್ವನಿ ತಗ್ಗಿಸ್ತಾನೆ. ಅಮೆರಿಕದಲ್ಲಿದ್ದಾಗ ಬರೆಯುತ್ತಿದ್ದ ಹೊತ್ತಿಗೆ ದ್ವೋರ್ಝಾಕ್‌ನ ನಾದಿನಿ ಯೋಸೆಫಿನಾಗೆ ಕಾಯಿಲೆ. ಯೌವನದಲ್ಲಿ ಅವನು ಪ್ರೀತಿಸಿದ್ದು ಅವಳನ್ನು. ಅವಳು ಒಲಿಯಲಿಲ್ಲ, ಅವಳ ತಂಗಿ ಆನ್ನಾಳನ್ನು ಮದುವೆಯಾದ. ಅವಳಿಗೆ ಇಷ್ಟವಾಗಿದ್ದ ತನ್ನದೇ ಒಂದು ಹಾಡಿನ ಎಳೆಯನ್ನು ಕನ್ಚರ್ಟೊದ ಒಳಗೆ ಸೇರಿಸಿದ. 1895ರಲ್ಲಿ ಅವನು ಊರಿಗೆ ಮರಳಿದ ಸ್ವಲ್ಪ ದಿನಕ್ಕೆ ಅವಳು ತೀರಿಕೊಂಡಳು. ಮುಗಿಸಿಟ್ಟಿದ್ದ ಕೃತಿಯನ್ನು ಮತ್ತೆ ತೆಗೆದು, ಕೊನೆಯ ಭಾಗವನ್ನು ಬದಲಿಸಿ ಬರೆದ. ಆ ಹಾಡು ಕೊನೆಯಲ್ಲಿ ಇನ್ನೊಮ್ಮೆ ಬರುತ್ತೆ, ಮೆಲ್ಲಗೆ ಉಸಿರು ನಿಲ್ಲೋ ಹಾಗೆ.

ಅವನ ಗೆಳೆಯ, ಪ್ರಸಿದ್ಧ ಚೆಲ್ಲೊ ವಾದಕ ಹನೂಶ್ ವಿಹಾನ್ ಕೆಲವು ತಿದ್ದುಪಡಿ ಹೇಳಿದ. ಕೊನೆಯ ಭಾಗದಲ್ಲಿ ವಾದಕನ ಕೈಚಳಕ ತೋರಿಸೋಕೆ ಒಂದು ಕಡೆನ್ಜಾ ಕೂಡ ಬರೆದ. ದ್ವೋರ್ಝಾಕ್ ಪ್ರಕಾಶಕನಿಗೆ ಕಡ್ಡಿ ಮುರಿದ ಹಾಗೆ ಬರೆದ: ನನ್ನ ಒಪ್ಪಿಗೆ ಇಲ್ಲದೆ ಯಾರೂ, ಗೆಳೆಯ ವಿಹಾನ್ ಕೂಡ, ಏನನ್ನೂ ಬದಲಿಸಕೂಡದು. ಹಾಗೆ ಮಾತು ಕೊಟ್ಟರೆ ಮಾತ್ರ ಕೃತಿ ನಿಮಗೆ. ಕಡೆನ್ಜಾ ಅಂತೂ ಇಲ್ಲವೇ ಇಲ್ಲ.

ಸಿಮ್ರಾಕ್ ಒಪ್ಪಿದ. ಬರೆದಿದ್ದ ಹಾಗೇ ಅಚ್ಚು ಹಾಕಿದ.

ನಾನು ಸಿಮ್ರಾಕ್‌ನನ್ನ ಖಳನಾಯಕ ಅಂದುಕೊಂಡು ಓದೋಕೆ ಶುರು ಮಾಡಿದ್ದೆ. ಈಗ ಹಾಗನ್ನಿಸ್ತಿಲ್ಲ. ಜಿಪುಣ, ಹಟಮಾರಿ, ಹೆಸರು ಕೆಡಿಸಿದವನು, ಎಲ್ಲ ನಿಜ. ಆದರೆ ಅವನಿಲ್ಲದೆ ಪ್ರಾಗ್‌ನ ವಿಯೋಲಾ ವಾದಕನ ಹಾಳೆ ಲಂಡನ್‌ಗೆ ತಲುಪುತ್ತಿರಲಿಲ್ಲ. ಒಂದೂಕಾಲು ಶತಮಾನ ಕಳೆದು ನಮ್ಮ ಭಾನುವಾರದ ಸ್ಟ್ಯಾಂಡಿನ ಮೇಲೂ ಇರುತ್ತಿರಲಿಲ್ಲ. ಕೆಟ್ಟ ಕರಾರು ಬೇರೆ, ಕೆಟ್ಟ ಮನುಷ್ಯ ಬೇರೆ ಅಂತ ಅಪ್ಪ ಅಂದದ್ದು ಇದನ್ನೇ ಇರಬೇಕು. ಆದರೂ ಆ ಮೊದಲ 300 ಮಾರ್ಕ್ ಮಾತ್ರ ನನಗೆ ಇವತ್ತಿಗೂ ಜೀರ್ಣ ಆಗಿಲ್ಲ.

ಹೋದ ಗುರುವಾರ ರಾತ್ರಿ ಕೂತು ಕಂಪನಿಗೆ ಮೇಲ್ ಬರೆದೆ. ಮೂರು ಸಲ ಅಳಿಸಿ ಬರೆದೆ. ಹದಿನಾರು ಸಣ್ಣ ಟ್ಯೂನ್ ಮಾಡಿಕೊಡ್ತೀನಿ, ಆ ದುಡ್ಡು ನನಗೆ ಬೇಕು. ಹದಿನೆಂಟು ನಿಮಿಷದ್ದು ಕೊಡಲ್ಲ, ಅದು ಒಂದೇ ತುಂಡು. ಹಳೇ ಟ್ಯೂನಿಗೆ ಕತ್ತರಿಸಿದ ಹನ್ನೆರಡು ಸೆಕೆಂಡ್ ವಾಪಸ್ ಸೇರಿಸಿ. ಹಕ್ಕು ನಿಮ್ಮದೇ, ನನಗೆ ಗೊತ್ತು, ಇದು ಕೋರಿಕೆ ಅಷ್ಟೇ. ಮತ್ತೆ ನನ್ನ ಹೆಸರು ಭಾಗೀರಥಿ. ಒಂದೇ ಪದ.

ಸೋಮವಾರ ಉತ್ತರ ಬಂತು. ಹೆಸರು ಸರಿಮಾಡಿದ್ದೇವೆ, ತಪ್ಪಾಗಿದ್ದಕ್ಕೆ ಕ್ಷಮಿಸಿ. ಹದಿನಾರು ಟ್ಯೂನಿಗೆ ಮೊತ್ತ ಅರವತ್ತು ಸಾವಿರಕ್ಕೆ ಇಳಿಯುತ್ತೆ. ಹನ್ನೆರಡು ಸೆಕೆಂಡಿನ ವಿಷಯ ಪ್ರಾಡಕ್ಟ್ ಟೀಮ್ ಜೊತೆ ಮಾತಾಡಿ ಹೇಳ್ತೀವಿ, ಲೂಪ್‌ಗೆ ತೊಂದರೆಯಾಗುತ್ತೆ.

ರಾತ್ರಿ ಪಿಜಿ ಹುಡುಗಿಯ ಮೊಬೈಲ್ ಇಸಕೊಂಡು ನೋಡಿದೆ. ಭಾಗೀರಥಿ ಅಂತಲೇ ಇತ್ತು. "ಅಯ್ಯೋ, ನೀವೇನಾ!" ಅಂದವಳು, "ಇದು ಕೊನೇಲಿ ಯಾಕೆ ಹಂಗೆ ಗಕ್ಕಂತ ನಿಲ್ಲುತ್ತೆ?" ಅಂತ ಕೇಳಿದಳು. ನಾನು ಪಿಟೀಲು ತೆಗೆದು, ಪಕ್ಕದ ರೂಮಿನವರಿಗೆ ಕೇಳಿಸದ ಹಾಗೆ ತಂತಿ ಮೀಟುತ್ತ ಉಳಿದ ಹನ್ನೆರಡು ಸೆಕೆಂಡ್ ನುಡಿಸಿ ತೋರಿಸಿದೆ.